ಟ್ಯೂಬ್ ಹಾಕುವ ಮುಂಚಿನ ಹತ್ತು ನಿಮಿಷ: ಬಿಪಿ ಕುಸಿದ ರೋಗಿಗೆ ಯಾವ ದಾರಿ ಸರಿ?

ರಾತ್ರಿ ಎರಡು ಗಂಟೆ. ಪಾಂಡವಪುರದ ಕಡೆಯಿಂದ ಬಂದ ರೋಗಿ, ವಯಸ್ಸು ಅರವತ್ತರ ಹತ್ತಿರ. ನಾಲ್ಕು ದಿನದ ಜ್ವರ, ಎರಡೂ ಕಡೆ ನ್ಯುಮೋನಿಯಾ. ಮಾಸ್ಕ್‌ನಲ್ಲಿ 15 ಲೀಟರ್ ಆಮ್ಲಜನಕ ಹೋಗುತ್ತಿದ್ದರೂ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, 86. ನಾಡಿ 128, ಬಿಪಿ 88/50, ಉಸಿರು ನಿಮಿಷಕ್ಕೆ 38. ಬಾಗಿಲ ಹತ್ತಿರ ನಿಂತಿದ್ದ ಮಗ ಕೇಳಿದ: ‘ಪೈಪ್ ಹಾಕುದ್ರೆ ವಾಪಸ್ ಬರಾಕಿಲ್ಲ ಅಂತಾರಲ್ಲ ಸಾ, ನಿಜ್ವಾ?’

ಈ ಮಾತನ್ನು ಮಂಡ್ಯದಲ್ಲೂ ಮೈಸೂರಿನಲ್ಲೂ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ಸುಮ್ನೆ ತಳ್ಳಿಹಾಕುವುದು ತಪ್ಪು. 2021ರಲ್ಲಿ 29 ದೇಶಗಳ 2,964 ರೋಗಿಗಳ ಅಧ್ಯಯನ ಪ್ರಕಟವಾಯಿತು. ತೀವ್ರ ಕಾಯಿಲೆಯಲ್ಲಿ ಉಸಿರಿಗಾಗಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿಕೊಂಡವರಲ್ಲಿ ಶೇ 45ರಷ್ಟು ಜನಕ್ಕೆ ಆ ಹೊತ್ತಿನಲ್ಲೇ ಒಂದಲ್ಲ ಒಂದು ದೊಡ್ಡ ತೊಂದರೆ ಆಗಿತ್ತು. ಶೇ 3ರಷ್ಟು ಜನರ ಹೃದಯ ನಿಂತಿತ್ತು. ನಾವೆಲ್ಲ ಹೆದರುವುದು ಟ್ಯೂಬ್ ಗಂಟಲಲ್ಲಿ ಇಳಿಯದಿದ್ದರೆ ಏನು ಗತಿ ಅಂತ. ಆದರೆ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಬಿಪಿ ಕುಸಿತ, ಶೇ 42ಕ್ಕೂ ಜಾಸ್ತಿ.

ಅಂದರೆ ಇಂಥ ರೋಗಿಯಲ್ಲಿ ಕಷ್ಟ ಇರುವುದು ಗಂಟಲಲ್ಲಿ ಅಲ್ಲ, ದೇಹದಲ್ಲಿ. ಹಾಗಾಗಿ ಯಾವ ಮಾಸ್ಕ್, ಯಾವ ಔಷಧಿ, ಗಂಟಲು ನೋಡಲು ಯಾವ ಬ್ಲೇಡ್ ಅನ್ನುವ ಎಲ್ಲ ಆಯ್ಕೆಗೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಮುಂದಿನ ಐದು ನಿಮಿಷದಲ್ಲಿ ಈ ಮನುಷ್ಯನನ್ನು ಕೊಲ್ಲುವುದು ಯಾವುದು? ಆಮ್ಲಜನಕದ ಕೊರತೆಯೋ, ಬಿಪಿಯೋ, ರಕ್ತದ ಆಮ್ಲತೆಯೋ? ಹೌಸ್ ಸರ್ಜನ್‌ಗಳು, ಪಿಜಿಗಳು, ನರ್ಸಿಂಗ್ ಹೋಮಿನ ರಾತ್ರಿ ಡ್ಯೂಟಿ ಡಾಕ್ಟರ್‌ಗಳು, ಐಸಿಯು ಸಿಸ್ಟರ್‌ಗಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹೇಳಿರುವ ಡೋಸ್ ಎಲ್ಲ ದೊಡ್ಡವರದ್ದು, ಮಕ್ಕಳದ್ದಲ್ಲ.

ಈಗಲೇ ಹಾಕುವುದೋ, ತಡೆಯುವುದೋ

ಉಸಿರು ನಿಂತಿದ್ದರೆ, ಕೊನೆಯುಸಿರಿನಂತೆ ಏದುತ್ತಿದ್ದರೆ ಆಯ್ಕೆಯ ಮಾತೇ ಇಲ್ಲ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ಶುರು ಮಾಡಬೇಕು. ಮಿಕ್ಕ ಹೆಚ್ಚಿನವರಿಗೆ ಹತ್ತು ನಿಮಿಷವಾದರೂ ಸಿಗುತ್ತದೆ. ಆ ಹತ್ತು ನಿಮಿಷವನ್ನು ಬಿಪಿ ಮತ್ತು ಆಮ್ಲಜನಕಕ್ಕೆ ಖರ್ಚು ಮಾಡಿದರೆ ಆಮೇಲೆ ಎದೆ ಒತ್ತುವ ಪ್ರಮೇಯ ಕಡಿಮೆ.

ನಮ್ಮ ಭಾಗದಲ್ಲಿ ಮೂರು ಥರದ ರೋಗಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಏಕೆಂದರೆ ಮೂವರಿಗೂ ಉತ್ತರ ಬೇರೆ.

ಮೊದಲನೆಯದು ಸಕ್ಕರೆ ಕಾಯಿಲೆ ಕೆರಳಿ ಕೀಟೋಅಸಿಡೋಸಿಸ್ ಆದವರು, ಅಂದರೆ ರಕ್ತದಲ್ಲಿ ಆಮ್ಲ ಏರಿದವರು. ಪಿಎಚ್ 6.9, ಉಸಿರು 40. ನೋಡಿದವರಿಗೆ ಗಾಬರಿಯಾಗಿ ‘ಸುಸ್ತಾಗಿದ್ದಾರೆ, ಟ್ಯೂಬ್ ಹಾಕಿಬಿಡೋಣ’ ಅನ್ನಿಸುತ್ತದೆ. ಆದರೆ ಆ ಉಸಿರೇ ಅವರನ್ನು ಉಳಿಸಿರುವುದು. ಪ್ರತಿ ಉಸಿರಿಗೂ ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಿ ರಕ್ತದ ಆಮ್ಲತೆಯನ್ನು ತಡೆಹಿಡಿದಿರುತ್ತಾರೆ. ಸ್ನಾಯುಗಳನ್ನು ಸಡಿಲ ಮಾಡುವ ರಿಲ್ಯಾಕ್ಸೆಂಟ್ ಔಷಧಿ ಕೊಟ್ಟು ಒಂದು ನಿಮಿಷ ಅದನ್ನು ನಿಲ್ಲಿಸಿದರೂ ಪಿಎಚ್ ಇನ್ನೂ ಇಳಿದು ಹೃದಯ ನಿಲ್ಲಬಹುದು. ಪ್ರಜ್ಞೆ ಇರುವ ತನಕ ಸಲೈನ್, ಇನ್ಸುಲಿನ್, ಪೊಟ್ಯಾಷಿಯಂ ನೋಡಿಕೊಂಡು ಕಾಯುವುದೇ ಮೇಲು. ಹಾಕಲೇಬೇಕಾದರೆ ಅತ್ಯಂತ ಅನುಭವ ಇರುವವರೇ ಹಾಕಲಿ. ವೆಂಟಿಲೇಟರ್ ರೇಟನ್ನು ಅಭ್ಯಾಸಬಲದಿಂದ 14ಕ್ಕೆ ಇಡಬೇಡಿ. 28–30ರ ಮೇಲೆ ಇಡಿ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುತ್ತಿದೆಯಾ ಅಂತ ಸ್ಕ್ರೀನ್ ಮೇಲೆ ಕಣ್ಣಿಡಿ.

ಎರಡನೆಯದು ಕಟ್ಟುಹಾವು ಅಥವಾ ನಾಗರಹಾವು ಕಚ್ಚಿದವರು. ಇಲ್ಲಿ ಕಾಯುವುದೇ ತಪ್ಪು. ಶ್ವಾಸಕೋಶ ಚೆನ್ನಾಗಿರುವುದರಿಂದ ಸ್ಯಾಚುರೇಷನ್ ಕೊನೆಯ ತನಕ 97, 98 ತೋರಿಸುತ್ತಿರುತ್ತದೆ. ಅದನ್ನು ನಂಬಿ ಕೂತರೆ ಒಮ್ಮೆಲೇ ಉಸಿರು ನಿಲ್ಲುತ್ತದೆ. ನಾನು ಮಾನಿಟರ್‌ಗಿಂತ ಎರಡು ಹಳೇ ಪರೀಕ್ಷೆಗಳನ್ನು ನಂಬುತ್ತೇನೆ. ದಿಂಬಿನಿಂದ ತಲೆ ಎತ್ತಲು ಹೇಳುವುದು. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳುವುದು. ಹತ್ತು ಗಂಟೆಗೆ ಇಪ್ಪತ್ತೈದರ ತನಕ ಎಣಿಸಿದ ಹುಡುಗ ಹನ್ನೊಂದಕ್ಕೆ ಹನ್ನೆರಡರಲ್ಲೇ ನಿಂತರೆ ಟ್ರಾಲಿ ತರಿಸಬೇಕು. ಇನ್ನೊಂದು ಮಾತು. ಕಟ್ಟುಹಾವು ಕಚ್ಚಿದವರ ಕಣ್ಣು ಮುಚ್ಚಿರುತ್ತದೆ, ಕೈಕಾಲು ಆಡುವುದಿಲ್ಲ, ಆದರೂ ಎಲ್ಲ ಕೇಳಿಸುತ್ತಿರಬಹುದು. ಪ್ರಜ್ಞೆ ಇಲ್ಲ ಅಂದುಕೊಂಡು ನಿದ್ದೆಯ ಔಷಧಿ ಇಲ್ಲದೆ ಟ್ಯೂಬ್ ಹಾಕಬೇಡಿ. ತಲೆಯ ಹತ್ತಿರ ನಿಂತು ಯೋಚಿಸಿ ಮಾತಾಡಿ.

ಮೂರನೆಯದು ಗದ್ದೆಗೆ ಹೊಡೆಯುವ ಔಷಧಿ ಕುಡಿದವರು, ಅಂದರೆ ಆರ್ಗನೋಫಾಸ್ಫರಸ್. ಬಾಯಿ ತುಂಬ ನೊರೆ, ಎದೆ ತುಂಬ ಕಫದ ಸದ್ದು. ಇಲ್ಲಿ ಟ್ಯೂಬ್‌ಗೂ ಅಟ್ರೋಪಿನ್‌ಗೂ ಜಗಳವಿಲ್ಲ, ಎರಡೂ ಒಟ್ಟಿಗೆ ನಡೆಯಬೇಕು. ಕಫ ಒಣಗಿಸುವ ಅಟ್ರೋಪಿನ್ 1.8ರಿಂದ 3 ಮಿಲಿಗ್ರಾಂ ಕೊಟ್ಟು, ಐದು ನಿಮಿಷಕ್ಕೊಮ್ಮೆ ಎದೆ ಕೇಳಿ, ಸಾಲದಿದ್ದರೆ ಎರಡರಷ್ಟು ಮಾಡುತ್ತಾ ಹೋಗುವುದು. ಎದೆ ಒಣಗಿದರೆ ಆಮ್ಲಜನಕವೂ ಏರುತ್ತದೆ, ಗಂಟಲೂ ಕಾಣುತ್ತದೆ. ಇವರು ಮೊದಲ ದಿನ ಚೇತರಿಸಿಕೊಂಡಂತೆ ಕಂಡು, ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಸೋತು ಉಸಿರು ನಿಲ್ಲುವುದುಂಟು. ತಲೆ ಎತ್ತಿಸುವ ಪರೀಕ್ಷೆಯನ್ನು ಇವರಿಗೂ ಬಿಡದೆ ಮಾಡಿ.

ಮಂಡ್ಯದಲ್ಲೇ ಹಾಕುವುದೋ, ಮೈಸೂರಿಗೆ ಹೋದ ಮೇಲೋ

ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ‘ಮುಕ್ಕಾಲು ಗಂಟೆ ಅಲ್ವಾ, ಅಲ್ಲೇ ಹಾಕ್ತಾರೆ ಬಿಡಿ’ ಅನ್ನುವುದು ಸುಲಭ. ನನ್ನ ಲೆಕ್ಕ ಹೀಗಿದೆ. ಪ್ರಜ್ಞೆ ಜಾರುತ್ತಿದ್ದರೆ, ಹಾವಿನ ವಿಷ ಏರುತ್ತಿದ್ದರೆ, ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯವಿದ್ದರೆ ಹೊರಡುವ ಮುಂಚೆಯೇ ಹಾಕಿ. ಓಡುವ ಆಂಬುಲೆನ್ಸ್‌ನಲ್ಲಿ, ಒಬ್ಬರೇ, ಸರಿಯಾದ ಬೆಳಕಿಲ್ಲದೆ ಟ್ಯೂಬ್ ಹಾಕುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಅದೇ ರೋಗಿ ಎಚ್ಚರವಾಗಿದ್ದು, ಮಾಸ್ಕ್‌ನಲ್ಲಿ ಸ್ಯಾಚುರೇಷನ್ 94 ನಿಂತಿದ್ದು, ಬಿಪಿ ಮಾತ್ರ ಕಡಿಮೆಯಿದ್ದರೆ, ಅದನ್ನು ಏರಿಸುವ ಔಷಧಿ ನಾರ್‌ಅಡ್ ಶುರು ಮಾಡಿ ಹಾಗೇ ಕಳಿಸುವುದು ಎಷ್ಟೋ ಸಲ ಮೇಲು. ಬಿಪಿ ಸರಿ ಮಾಡದೆ ‘ಸೇಫ್ಟಿಗೆ’ ಅಂತ ಟ್ಯೂಬ್ ಹಾಕಿ ದಾರಿಯಲ್ಲಿ ಕಳೆದುಕೊಂಡ ಕೇಸು ನೋಡಿದ್ದೇನೆ.

ಸಿಲಿಂಡರ್ ಲೆಕ್ಕ ಮರೆಯಬೇಡಿ. ಬಿ ಟೈಪ್ ತುಂಬಿದ್ದರೆ ಸುಮಾರು 1,500 ಲೀಟರ್. 15 ಲೀಟರ್ ಮಾಸ್ಕಿಗೆ 100 ನಿಮಿಷ ಬರುತ್ತದೆ. ಮೂಗಿನ ಕೊಳವೆಯಿಂದ ಜೋರಾಗಿ ಆಮ್ಲಜನಕ ಬಿಡುವ ಹೈ ಫ್ಲೋ 60 ಲೀಟರ್‌ಗೆ ಪೂರ್ತಿ ಆಮ್ಲಜನಕ ಬಿಟ್ಟರೆ 25 ನಿಮಿಷ, ಶ್ರೀರಂಗಪಟ್ಟಣ ದಾಟುವುದೂ ಕಷ್ಟ.

ಆಮ್ಲಜನಕ: ಮಾಸ್ಕ್, ಹೈ ಫ್ಲೋ, ಬೈಪ್ಯಾಪ್

ಇದರಲ್ಲಿ ಈಗ ಅನುಮಾನ ಕಡಿಮೆ. 2024ರಲ್ಲಿ ಅಮೆರಿಕದ 1,301 ರೋಗಿಗಳಲ್ಲಿ ಹೋಲಿಸಿ ನೋಡಿದರು. ಟ್ಯೂಬ್ ಹಾಕುವ ಮುಂಚೆ ಸಾದಾ ಮಾಸ್ಕ್ ಇದ್ದವರಲ್ಲಿ ಶೇ 18.5 ಜನರ ಸ್ಯಾಚುರೇಷನ್ 85ರ ಕೆಳಗೆ ಬಿತ್ತು. ಬೈಪ್ಯಾಪ್ ಥರದ ಒತ್ತಡದ ಮಾಸ್ಕ್ ಇದ್ದವರಲ್ಲಿ ಶೇ 9.1. ಅರ್ಧಕ್ಕರ್ಧ ಕಡಿಮೆ. ಹೊಟ್ಟೆಯದು ಶ್ವಾಸಕೋಶಕ್ಕೆ ಹೋದದ್ದು ಹೆಚ್ಚಾಗಲಿಲ್ಲ. ಹಾಗಾಗಿ ನ್ಯುಮೋನಿಯಾ, ಶ್ವಾಸಕೋಶದಲ್ಲಿ ನೀರು, ದಪ್ಪ ಮೈಯವರು, ಇವರಿಗೆ ಮೂರು ನಿಮಿಷವಾದರೂ ಬೈಪ್ಯಾಪ್ ಹಾಕಿ ತಲೆಯ ಕಡೆ ಮಂಚ ಎತ್ತುವುದು ನನ್ನ ಮೊದಲ ಆಯ್ಕೆ. ವಾಂತಿ ಆಗುತ್ತಿದ್ದರೆ, ಮುಖಕ್ಕೆ ಪೆಟ್ಟಾಗಿದ್ದರೆ, ಔಷಧಿ ಕುಡಿದು ನೊರೆ ಬರುತ್ತಿದ್ದರೆ ಬೇಡ. ಅಲ್ಲಿ ಮಾಸ್ಕ್, ಜೊತೆಗೆ ದಪ್ಪ ಸಕ್ಷನ್.

ಹೈ ಫ್ಲೋ ನಡುವಿನ ದಾರಿ. ಬ್ಲೇಡ್ ಬಾಯಲ್ಲಿದ್ದಾಗಲೂ ಮೂಗಿನಿಂದ ಆಮ್ಲಜನಕ ಹೋಗುತ್ತಿರುತ್ತದೆ, ಅದು ಅದರ ಅನುಕೂಲ. ಆದರೆ 2019ರಲ್ಲಿ ಎರಡನ್ನೂ ಹೋಲಿಸಿದಾಗ, ಆಮ್ಲಜನಕ ತುಂಬಾ ಕಡಿಮೆ ಇದ್ದವರಲ್ಲಿ ಬೈಪ್ಯಾಪ್ ಪಾಲಿಗೇ ಫಲಿತಾಂಶ ಚೆನ್ನಾಗಿತ್ತು.

ಮಾಸ್ಕ್ ಕಿತ್ತೆಸೆಯುವ ರೋಗಿಯೊಡನೆ ಏನು ಮಾಡುವುದು? ನಾಲ್ಕು ಜನ ಕೈಕಾಲು ಹಿಡಿಯುವುದು ಒಂದು ದಾರಿ, ಕೆಟ್ಟ ದಾರಿ. ನಿದ್ದೆಯ ಔಷಧಿ ಕೆಟಮಿನ್ ಕೆಜಿಗೆ 1 ಮಿಲಿಗ್ರಾಂನಷ್ಟು ನಿಧಾನವಾಗಿ ಕೊಟ್ಟು, ಉಸಿರು ಅವರದ್ದೇ ನಡೆಯುತ್ತಿರುವಾಗ ಮಾಸ್ಕ್ ಹಾಕಿ ಮೂರು ನಿಮಿಷ ಆಮ್ಲಜನಕ ತುಂಬಿ, ಆಮೇಲೆ ರಿಲ್ಯಾಕ್ಸೆಂಟ್ ಕೊಡುವುದು ಇನ್ನೊಂದು. ಬಿಪಿ ಕುಸಿದಿದ್ದರೆ ಕೆಟಮಿನ್ ಅರ್ಧ ಸಾಕು.

ರಿಲ್ಯಾಕ್ಸೆಂಟ್ ಕೊಟ್ಟ ಮೇಲೆ ಆ ಒಂದು ನಿಮಿಷ ಬ್ಯಾಗ್ ಒತ್ತಬೇಕೋ ಬೇಡವೋ? ನಾವು ಕಲಿತಾಗ ‘ಒತ್ತಬೇಡಿ, ವಾಂತಿ ಬರುತ್ತೆ’ ಅಂತಿದ್ದರು. 2019ರ 401 ರೋಗಿಗಳ ಅಧ್ಯಯನದಲ್ಲಿ ಒತ್ತಿದವರ ಪೈಕಿ ಸ್ಯಾಚುರೇಷನ್ 80ರ ಕೆಳಗೆ ಬಿದ್ದದ್ದು ಶೇ 10.9, ಒತ್ತದವರಲ್ಲಿ ಶೇ 22.8. ವಾಂತಿ ಒಳಗೆ ಹೋದದ್ದು ಹೆಚ್ಚಾಗಲಿಲ್ಲ. ಹೊಟ್ಟೆ ತುಂಬಿ ವಾಂತಿ ಆಗುತ್ತಿರುವವರನ್ನು ಬಿಟ್ಟರೆ ಮೆಲ್ಲಗೆ ಒತ್ತಿ.

ಬಿಪಿಗೆ ಬಾಟಲಿಯೋ, ನಾರ್‌ಅಡ್ಡೋ

ಟ್ಯೂಬ್ ಹಾಕಿದ ಕೂಡಲೇ ಬಿಪಿ ಯಾಕೆ ಬೀಳುತ್ತದೆ? ನಮ್ಮ ಕಡೆಯವರಿಗೆ ನಾಲೆಯ ಮಾತಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಶಾಕ್‌ನಲ್ಲಿರುವ (ಅಂದರೆ ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ) ದೇಹ ಬೇಸಿಗೆಯ ನಾಲೆ ಇದ್ದಂತೆ, ಹರಿಯುವುದೇ ಅಷ್ಟಿಷ್ಟು. ಮಾಮೂಲಿ ಉಸಿರಾಟದಲ್ಲಿ ಎದೆ ಒಳಗೆಳೆದುಕೊಳ್ಳುವಾಗ ರಕ್ತವೂ ಹೃದಯದ ಕಡೆ ಎಳೆಯಲ್ಪಡುತ್ತದೆ. ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ, ಎದೆಯ ಒತ್ತಡ ಏರುತ್ತದೆ, ತೂಬು ಅರ್ಧ ಮುಚ್ಚಿದಂತಾಗುತ್ತದೆ. ಕೊನೆ ಭಾಗದ ಗದ್ದೆಗೆ ನೀರು ಹತ್ತುವುದಿಲ್ಲ. ಅದೇ ಹೊತ್ತಿಗೆ ನಿದ್ದೆಯ ಔಷಧಿ ರಕ್ತನಾಳಗಳನ್ನು ಸಡಿಲ ಮಾಡಿರುತ್ತದೆ. ಅಲ್ಲಿಯ ತನಕ ಬಿಪಿಯನ್ನು ಎತ್ತಿಹಿಡಿದಿದ್ದ ಮೈಯ ಅಡ್ರಿನಲಿನ್ ಕೂಡ ಇಳಿದುಬಿಡುತ್ತದೆ.

ಇದಕ್ಕೆ ಎಲ್ಲರಿಗೂ 500 ಮಿಲಿ ಸಲೈನ್ ಓಡಿಸುವುದು ವಾಡಿಕೆ. 2022ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಬಾಟಲಿ ಓಡಿಸಿದವರಲ್ಲಿ ಶೇ 21, ಓಡಿಸದವರಲ್ಲಿ ಶೇ 18.2 ಜನರ ಬಿಪಿ ಕುಸಿಯಿತು. ಉಪಯೋಗ ಕಾಣಲಿಲ್ಲ. ಅದು ‘ಯಾರು ಬಂದರೂ ಒಂದು ಬಾಟಲಿ’ ಅನ್ನುವ ಅಭ್ಯಾಸದ ಬಗ್ಗೆ ಬಂದ ಉತ್ತರ. ನಾಲ್ಕು ದಿನ ಭೇದಿ ಆದವರಿಗೆ, ರಕ್ತ ಹೋದವರಿಗೆ, ಕೀಟೋಅಸಿಡೋಸಿಸ್‌ಗೆ ದ್ರವ ಬೇಕೇ ಬೇಕು, ರಕ್ತ ಹೋದವರಿಗೆ ರಕ್ತವೇ ಬೇಕು. ಮಿಕ್ಕವರಿಗೆ ನನ್ನ ಆಯ್ಕೆ ಮೊದಲೇ ನಾರ್‌ಅಡ್.

ಮೊದಲೇ ಅನ್ನುವುದನ್ನು ಒತ್ತಿ ಹೇಳುತ್ತೇನೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. 0.9 ದಾಟಿದ್ದರೆ ಬಿಪಿ 100 ಇದ್ದರೂ ನಂಬಬೇಡಿ. ನಮ್ಮ ಪಾಂಡವಪುರದ ರೋಗಿಗೆ 128ನ್ನು 88ರಿಂದ ಭಾಗಿಸಿದರೆ ಹತ್ತಿರ ಹತ್ತಿರ 1.5. ಸೆಂಟ್ರಲ್ ಲೈನ್‌ಗಾಗಿ ಅರ್ಧ ಗಂಟೆ ಕಾಯಬೇಕಿಲ್ಲ. ಮೊಣಕೈ ಹತ್ತಿರದ ದಪ್ಪ ನರಕ್ಕೆ 18 ನಂಬರ್ ಕ್ಯಾನುಲಾ ಹಾಕಿ, ಸರಿಯಾಗಿ ಓಡುತ್ತಿದೆಯಾ ನೋಡಿ, ಕೆಜಿಗೆ ನಿಮಿಷಕ್ಕೆ 0.05ರಿಂದ 0.1 ಮೈಕ್ರೋಗ್ರಾಂನಲ್ಲಿ ಪಂಪ್ ಶುರು ಮಾಡಬಹುದು. ಬಿಪಿಯ ಪಟ್ಟಿ ಆ ಕೈಗೆ ಕಟ್ಟಬೇಡಿ, ಪಟ್ಟಿ ಬಿಗಿಯಾದಾಗಲೆಲ್ಲ ನಾರ್‌ಅಡ್ ನಿಲ್ಲುತ್ತದೆ.

ಕೈಯಲ್ಲಿ ಒಂದು ಸಿರಿಂಜ್ ಕೂಡ ಇರಲಿ. ಅನೇಕ ಕಡೆ ಬಿಪಿ ಏರಿಸುವ ಮೆಫೆಂಟರ್‌ಮಿನ್ ತುಂಬಿ ಇಟ್ಟಿರುತ್ತಾರೆ. ಆಪರೇಷನ್ ಥಿಯೇಟರ್‌ನಲ್ಲಿ ಅದು ಸರಿ. ಆದರೆ ಅದು ಹೆಚ್ಚಾಗಿ ಮೈಯಲ್ಲಿ ಉಳಿದಿರುವ ಅಡ್ರಿನಲಿನ್ ವರ್ಗದ ದಾಸ್ತಾನನ್ನು ಹೊರಗೆ ಬಿಡಿಸಿ ಕೆಲಸ ಮಾಡುವ ಔಷಧಿ. ಎರಡು ದಿನದಿಂದ ಶಾಕ್‌ನಲ್ಲಿದ್ದವರ ಹತ್ತಿರ ಆ ದಾಸ್ತಾನೇ ಬರಿದಾಗಿರುತ್ತದೆ. ನಾನು 1 ಮಿಲಿಗ್ರಾಂ ಅಡ್ರಿನಲಿನ್ ಆಂಪ್ಯೂಲನ್ನು 100 ಮಿಲಿ ಸಲೈನ್‌ಗೆ ಹಾಕಿಸಿ, ಅದರಿಂದ 10 ಮಿಲಿ ಸಿರಿಂಜ್ ತುಂಬಿಸುತ್ತೇನೆ. ಒಂದು ಮಿಲಿಗೆ 10 ಮೈಕ್ರೋಗ್ರಾಂ. ಬೇಕಾದಾಗ ಒಂದೊಂದೇ ಮಿಲಿ. ಬಾಟಲಿಗೂ ಸಿರಿಂಜ್‌ಗೂ ದೊಡ್ಡದಾಗಿ ಹೆಸರು ಬರೆದು ಅಂಟಿಸಬೇಕು. ಈ ಬಾಟಲಿಯನ್ನು ಯಾರಾದರೂ ಸಾದಾ ಸಲೈನ್ ಅಂತ ಓಡಿಸಿದರೆ ಅನಾಹುತ.

ನಿದ್ದೆಯ ಔಷಧಿ: ಇಲ್ಲಿ ನಾನೇ ತಪ್ಪು ಮಾಡಿದ್ದೇನೆ

ಪಿಜಿ ಆಗಿದ್ದ ದಿನಗಳು. ಮೂತ್ರದ ಸೋಂಕು ರಕ್ತಕ್ಕೆ ಏರಿದ್ದ ಒಬ್ಬ ಅಜ್ಜಿ. ಬಿಪಿ 96, ನಾಡಿ 130. ‘ಬಿಪಿ ಪರವಾಗಿಲ್ಲ’ ಅಂದುಕೊಂಡೆ. ಮಿಡಜೋಲಂ 2, ಫೆಂಟಾನಿಲ್ 100, ಅದರ ಮೇಲೆ ಪ್ರೊಪೊಫಾಲ್ 80. ಬ್ಲೇಡ್ ಇಟ್ಟ ಕೂಡಲೇ ಸ್ವರತಂತು ಕಂಡಿತು, ಟ್ಯೂಬ್ ಇಳಿಯಿತು, ಖುಷಿಯಾಯಿತು. ಟ್ಯೂಬಿಗೆ ಟೇಪ್ ಸುತ್ತುತ್ತಿದ್ದ ಸಿಸ್ಟರ್ ಕತ್ತಿನ ಮೇಲೆ ಎರಡು ಬೆರಳಿಟ್ಟವರು ಅಲ್ಲೇ ನಿಂತರು. ‘ಡಾಕ್ಟ್ರೇ, ಪಲ್ಸ್ ಸಿಗ್ತಿಲ್ಲ.’ ಮಾನಿಟರ್‌ನಲ್ಲಿ ಗೆರೆ ಇನ್ನೂ ಓಡುತ್ತಿತ್ತು. ಅಜ್ಜಿ ಉಳಿಯಲಿಲ್ಲ. ಆ ಮೂರು ಔಷಧಿಯ ಖಾಲಿ ಆಂಪ್ಯೂಲ್‌ಗಳು ಟ್ರೇಯಲ್ಲಿ ಸಾಲಾಗಿ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪ್ರೊಪೊಫಾಲ್ ಒಳ್ಳೆಯ ಔಷಧಿ, ಆದರೆ ಬಿಪಿ ಕುಸಿದವರಿಗಲ್ಲ. 29 ದೇಶಗಳ ಅದೇ ಅಧ್ಯಯನದ ಲೆಕ್ಕವನ್ನು ಆಮೇಲೆ ಬಿಡಿಸಿ ನೋಡಿದಾಗ, ಬಿಪಿ ಕುಸಿತದ ಜೊತೆ ನಂಟು ಇದ್ದ, ನಾವು ಬದಲಿಸಿಕೊಳ್ಳಬಹುದಾದ ಅಂಶವಾಗಿ ಕಂಡದ್ದು ಪ್ರೊಪೊಫಾಲ್. ಮೂರು ಔಷಧಿ ಬೆರೆಸಿದರೆ ಇನ್ನೂ ಕೆಟ್ಟದ್ದು.

ಹಾಗಾದರೆ ಕೆಟಮಿನ್ನೋ, ಎಟೊಮಿಡೇಟೋ? ಬಹಳ ದಿನ ಕೆಟಮಿನ್ ಬಿಪಿಯನ್ನು ಎತ್ತುತ್ತದೆ, ಎಟೊಮಿಡೇಟ್ ಅಡ್ರಿನಲ್ ಗ್ರಂಥಿಯನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ, ಹಾಗಾಗಿ ಕೆಟಮಿನ್ನೇ ಸರಿ ಅನ್ನುತ್ತಿದ್ದೆವು. 2022ರ 801 ರೋಗಿಗಳ ಅಧ್ಯಯನದಲ್ಲಿ ಏಳನೇ ದಿನಕ್ಕೆ ಕೆಟಮಿನ್ ಕಡೆಯವರು ಹೆಚ್ಚು ಬದುಕಿದ್ದರು, ಇಪ್ಪತ್ತೆಂಟನೇ ದಿನಕ್ಕೆ ವ್ಯತ್ಯಾಸ ಉಳಿಯಲಿಲ್ಲ. 2025ರ ಕೊನೆಗೆ ಬಂದ, 2,300ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲೂ 28 ದಿನದ ಸಾವು ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ಬಿಪಿ ಕುಸಿತ ಮಾತ್ರ ಕೆಟಮಿನ್ ಕಡೆ ಜಾಸ್ತಿ, ಶೇ 22ರಷ್ಟು. ಎಟೊಮಿಡೇಟ್ ಕಡೆ ಶೇ 17. ಕೆಟಮಿನ್ ಬಿಪಿ ಬೀಳಿಸುವುದೇ ಇಲ್ಲ ಅನ್ನುವ ನಂಬಿಕೆ ಬಿಡಬೇಕು.

ನನ್ನ ಅಭಿಪ್ರಾಯ ಇಷ್ಟು. ಎರಡೂ ಇದ್ದರೆ, ಬಿಪಿ ತೀರಾ ಕುಸಿದವರಿಗೆ, ಹೃದಯ ಸೋತವರಿಗೆ ಎಟೊಮಿಡೇಟ್, ಕೆಜಿಗೆ 0.15ರಿಂದ 0.2 ಮಿಲಿಗ್ರಾಂ. ಆಸ್ತಮಾ ಇದ್ದವರಿಗೆ, ಮಾಸ್ಕ್ ಕಿತ್ತೆಸೆಯುವವರಿಗೆ ಕೆಟಮಿನ್. ಊರ ಕಡೆಯ ಆಸ್ಪತ್ರೆಯಲ್ಲಿ ಕೆಟಮಿನ್ ಮಾತ್ರ ಸಿಕ್ಕಿದರೆ ಕೊರಗಬೇಕಿಲ್ಲ. ಯಾವ ಔಷಧಿ ಅನ್ನುವುದಕ್ಕಿಂತ ಎಷ್ಟು ಅನ್ನುವುದು ಇಲ್ಲಿ ದೊಡ್ಡದು. ಶಾಕ್‌ನಲ್ಲಿ ಕೆಟಮಿನ್ ಕೆಜಿಗೆ 0.5ರಿಂದ 1 ಮಿಲಿಗ್ರಾಂ, ಅಷ್ಟೇ.

ರಿಲ್ಯಾಕ್ಸೆಂಟ್: ಸ್ಕೋಲಿನ್, ರೊಕ್ಯುರೋನಿಯಂ

ನಿದ್ದೆಯದು ಕಡಿಮೆ ಮಾಡಿದ ಹಾಗೆ ಇದನ್ನು ಕಡಿಮೆ ಮಾಡಬಾರದು. ಶಾಕ್‌ನಲ್ಲಿ ರಕ್ತ ನಿಧಾನ ಓಡುವುದರಿಂದ ಔಷಧಿ ಸ್ನಾಯುವಿಗೆ ತಲುಪುವುದೂ ನಿಧಾನ. ರೊಕ್ಯುರೋನಿಯಂ ಕೆಜಿಗೆ 1.2 ಮಿಲಿಗ್ರಾಂ ಅಥವಾ ಸ್ವಲ್ಪ ಮೇಲೆ. ಕೊಟ್ಟು ಒಂದು ನಿಮಿಷ ಪೂರ್ತಿ ಕಾಯಿರಿ.

ಸ್ಕೋಲಿನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಬೇಗ ಕೆಲಸ ಮಾಡುತ್ತದೆ. ಆದರೂ ನಮ್ಮ ಭಾಗದ ರೋಗಿಗಳನ್ನು ನೆನೆದರೆ ನಾನು ರೊಕ್ಯುರೋನಿಯಂ ಕಡೆಗೇ ವಾಲುತ್ತೇನೆ. ಗದ್ದೆಯ ಔಷಧಿ ಕುಡಿದವರಲ್ಲಿ ಸ್ಕೋಲಿನ್ ಕರಗಿಸುವ ಎಂಜೈಮೇ ಕಟ್ಟಿಹೋಗಿರುತ್ತದೆ, ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ನಿಲ್ಲುತ್ತದೆ. ಕೊಳಕುಮಂಡಲ ಕಚ್ಚಿ ಕಿಡ್ನಿ ಕೈಕೊಟ್ಟವರಲ್ಲಿ, ಡಯಾಲಿಸಿಸ್ ತಪ್ಪಿದವರಲ್ಲಿ ಪೊಟ್ಯಾಷಿಯಂ ಆಗಲೇ ಏರಿರಬಹುದು, ಸ್ಕೋಲಿನ್ ಅದನ್ನು ಇನ್ನೂ ಏರಿಸುತ್ತದೆ. ಸುಟ್ಟ ಗಾಯವಾಗಿ ಒಂದೆರಡು ದಿನ ದಾಟಿದವರು, ಲಕ್ವ ಹೊಡೆದವರು, ವಾರಗಟ್ಟಲೆ ಹಾಸಿಗೆ ಹಿಡಿದವರು, ಇವರಿಗೂ ಬೇಡ. ಇಷ್ಟೆಲ್ಲ ರಾತ್ರಿ ಎರಡು ಗಂಟೆಗೆ ನೆನಪಿಟ್ಟುಕೊಳ್ಳುವುದಕ್ಕಿಂತ ರೊಕ್ಯುರೋನಿಯಂ ಸುಲಭ.

ಅದರ ಕಷ್ಟ ಒಂದೇ. ಮುಕ್ಕಾಲು ಗಂಟೆಗೂ ಹೆಚ್ಚು ಮೈ ಆಡುವುದಿಲ್ಲ, ಆದರೆ ಕೆಟಮಿನ್ ಹತ್ತು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಟ್ಯೂಬ್ ಹಾಕಿದ ಮೇಲೆ ನೋವಿನ, ನಿದ್ದೆಯ ಔಷಧಿ ಮುಂದುವರಿಸದಿದ್ದರೆ ರೋಗಿ ಎಚ್ಚರವಾಗಿ, ಕೈ ಎತ್ತಲಾಗದೆ ಮಲಗಿರುತ್ತಾರೆ.

ಬ್ಲೇಡ್ ವಿಷಯ ಚಿಕ್ಕದು. ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. 2023ರ 1,417 ರೋಗಿಗಳ ಅಧ್ಯಯನದಲ್ಲಿ ಮೊದಲ ಸಲವೇ ಟ್ಯೂಬ್ ಇಳಿದದ್ದು ವಿಡಿಯೋದಲ್ಲಿ ಶೇ 85.1, ಸಾದಾ ಬ್ಲೇಡ್‌ನಲ್ಲಿ ಶೇ 70.8. ಎರಡನೇ ಪ್ರಯತ್ನಕ್ಕೆ ಹೋದಷ್ಟೂ ಅಪಾಯ ಏರುತ್ತದೆ. ಟ್ಯೂಬಿಗೆ ದಾರಿ ತೋರಿಸುವ ಕಡ್ಡಿ ಬೂಜಿಯೋ ಸ್ಟೈಲೆಟ್ಟೋ ಅನ್ನುವುದು ಕೈಗೆ ಯಾವುದು ಪಳಗಿದೆ ಅನ್ನುವುದರ ಮೇಲೆ. ಆದರೆ ಬೂಜಿ, ಲ್ಯಾರಿಂಜಿಯಲ್ ಮಾಸ್ಕ್, ಬೇರೆ ದಾರಿಯಿಲ್ಲದಿದ್ದರೆ ಕತ್ತಿನಲ್ಲಿ ಕೊಯ್ದು ಹಾಕಲು 10 ನಂಬರ್ ಬ್ಲೇಡ್, 6 ನಂಬರ್ ಟ್ಯೂಬ್ ಟ್ರಾಲಿಯ ಮೇಲೆ ಕಾಣುವಂತೆ ಇರಲಿ, ಬೀರುವಿನೊಳಗಲ್ಲ.

ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗೆ (ಕ್ಯಾಪ್ನೋಗ್ರಾಫ್) ಮಾತ್ರ ಪರ್ಯಾಯವೇ ಇಲ್ಲ. ಎದೆ ಎರಡೂ ಕಡೆ ಕೇಳಿಸಿತು, ಟ್ಯೂಬ್‌ನಲ್ಲಿ ಹಬೆ ಬಂತು, ಇವು ಮೋಸ ಮಾಡುತ್ತವೆ. ಬ್ರಿಟನ್ನಿನಲ್ಲಿ 2011ರಲ್ಲಿ ಬಂದ ದೊಡ್ಡ ವರದಿಯಲ್ಲಿ, ಐಸಿಯುಗಳಲ್ಲಿ ಉಸಿರುದಾರಿಯ ತೊಂದರೆಯಿಂದಾದ ಸಾವು, ಮೆದುಳಿನ ಹಾನಿಯ ಮುಕ್ಕಾಲು ಪಾಲಿನಷ್ಟು ಪ್ರಕರಣಗಳಿಗೆ ಕ್ಯಾಪ್ನೋಗ್ರಾಫ್ ಬಳಸದಿದ್ದದ್ದೂ ಒಂದು ಕಾರಣವೆಂದು ಕಂಡಿತ್ತು. ನಮ್ಮ ದೇಶದ ಡಿಫಿಕಲ್ಟ್ ಏರ್‌ವೇ ಸಂಘ 2016ರಲ್ಲಿ ಐಸಿಯುಗೆಂದೇ ಬೇರೆ ಮಾರ್ಗಸೂಚಿ ತಂದಿತು. ಅದರ ಚಿತ್ರಪಟವನ್ನು ಟ್ರಾಲಿಯ ಮೇಲಿನ ಗೋಡೆಗೆ ಅಂಟಿಸಿಕೊಳ್ಳಿ.

ಪಾಂಡವಪುರದ ಆ ರೋಗಿಗೆ ಬೈಪ್ಯಾಪ್ ಹಾಕಿ ತಲೆ ಎತ್ತಿಟ್ಟೆವು. ನಾಲ್ಕು ನಿಮಿಷಕ್ಕೆ ಸ್ಯಾಚುರೇಷನ್ 95. ಮೊಣಕೈ ನರದಲ್ಲಿ ನಾರ್‌ಅಡ್ ಓಡಿ ಬಿಪಿ 112ಕ್ಕೆ ಬಂತು. ಯಾರು ಯಾವ ಕೆಲಸ ಅಂತ ಜೋರಾಗಿ ಹೇಳಿದೆ: ಒಬ್ಬ ಸಿಸ್ಟರ್ ಔಷಧಿಗೆ, ಇನ್ನೊಬ್ಬರ ಕಣ್ಣು ಬಿಪಿ ಮೇಲೆ ಮಾತ್ರ, ಹೌಸ್ ಸರ್ಜನ್ ಸಕ್ಷನ್‌ಗೆ. ಅರವತ್ತು ಕೆಜಿಯ ಮೈಗೆ ಕೆಟಮಿನ್ 40, ರೊಕ್ಯುರೋನಿಯಂ 80. ಟ್ಯೂಬ್ ಮೊದಲ ಸಲಕ್ಕೇ ಇಳಿಯಿತು. ಬಿಪಿ 94ಕ್ಕೆ ಇಳಿದಾಗ ಅಡ್ರಿನಲಿನ್ ಸಿರಿಂಜ್‌ನಿಂದ ಒಂದು ಮಿಲಿ, ಮತ್ತೆ 108. ಮಗನನ್ನು ಒಳಗೆ ಕರೆದು, ಪೈಪು ಉಸಿರಿಗೆ ಆಸರೆ ಮಾತ್ರ, ಸೋಂಕು ಇಳಿಯಬೇಕಾದದ್ದು ಔಷಧಿಯಿಂದ, ಈ ಎರಡು ದಿನ ಕಷ್ಟದ ದಿನ ಅಂತ ಹೇಳಿದೆ. ಅವನು ಅಪ್ಪನ ಕಾಲು ಮುಟ್ಟಿ, ‘ಬೆಚ್ಚಗವ್ರೆ ಸಾ’ ಅಂದ. ಎಂಟನೇ ದಿನ ಟ್ಯೂಬ್ ತೆಗೆದೆವು.